ಓಡದೇ ಇರೋ ಹಳೇ ಟ್ರೈ-ಆಂಗ್ ಇಂಜಿನ್: ದೋಷ ಎಲ್ಲಿದೆ ಅಂತ ಹುಡುಕೋ ದಾರಿ

ಟ್ರೈ-ಆಂಗ್ ಅನ್ನೋ ಬ್ರಿಟಿಷ್ ಆಟಿಕೆ ರೈಲಿನ ಹಳೇ ಇಂಜಿನ್ ಒಂದು ಕೈಗೆ ಬಂತು, ಹಳಿ ಮೇಲಿಟ್ಟು ಕಂಟ್ರೋಲರ್ ತಿರುಗಿಸಿದ್ರೆ ಅಲ್ಲಾಡ್ತಾನೇ ಇಲ್ಲ ಅಂದ ತಕ್ಷಣ ಬಹಳ ಜನ ಮಾಡೋ ಕೆಲಸ ಅಂದ್ರೆ ಮೋಟರ್ ಬಿಚ್ಚೋದು. ದಯವಿಟ್ಟು ಅದೊಂದು ಮಾಡ್ಬೇಡಿ. ಇಂಥ ಇಂಜಿನ್‌ಗಳಲ್ಲಿ ಮೋಟರ್ ಸತ್ತಿರೋದು ಕಡಿಮೆ, ಕರೆಂಟ್ ಮೋಟರ್‌ವರೆಗೆ ಬಂದೇ ಇರಲ್ಲ ಅನ್ನೋದು ಜಾಸ್ತಿ. ಅದೂ ಅಲ್ದೆ ಮೋಟರ್‌ನ ತಪ್ಪಾಗಿ ಬಿಚ್ಚಿದ್ರೆ ಚೆನ್ನಾಗಿದ್ದ ಮ್ಯಾಗ್ನೆಟ್ಟೇ ಕೆಟ್ಟೋಗತ್ತೆ, ಅದ್ಯಾಕೆ ಅಂತ ಮುಂದೆ ಹೇಳ್ತೀನಿ. ಹಳಿಯಿಂದ ಶುರು ಮಾಡಿ ಚಕ್ರ, ಆಮೇಲೆ ಪಿಕಪ್ (ಚಕ್ರದಿಂದ ಕರೆಂಟ್ ತಗೊಳೋ ಪಟ್ಟಿ), ಆಮೇಲೆ ವೈರು, ಆಮೇಲೆ ಕಾರ್ಬನ್ (ಮೋಟರಿನ ತಿರುಗೋ ಭಾಗಕ್ಕೆ ಕರೆಂಟ್ ಮುಟ್ಟಿಸೋ ತುಂಡು), ಕೊನೇಗೆ ಆರ್ಮೇಚರ್ (ಕಾಯಿಲ್ ಸುತ್ತಿರೋ ಆ ತಿರುಗೋ ಭಾಗ), ಹೀಗೆ ಕರೆಂಟ್ ಹೋಗೋ ದಾರೀಲೇ ನಾವೂ ಹೋಗ್ಬೇಕು.

ನಾನಿಲ್ಲಿ ಉದಾಹರಣೆಗೆ ಇಟ್ಕೊಂಡಿರೋದು ಟ್ರೈ-ಆಂಗ್‌ನ ಜಿಂಟಿ, ಕ್ಯಾಟಲಾಗ್ ನಂಬರ್ ಆರ್52, 1953ರಲ್ಲಿ ಬಂದಿದ್ದು, ಆರು ಚಕ್ರದ ಪುಟ್ಟ ಕಪ್ಪು ಟ್ಯಾಂಕ್ ಇಂಜಿನ್, ಅಂದ್ರೆ ನೀರಿನ ತೊಟ್ಟಿ ತನ್ನ ಮೇಲೇ ಹೊತ್ತಿರೋ ಇಂಜಿನ್. ನೀಲಿ ನೆಲ್ಲಿ, ಕೆಂಪು ಪಾಲಿ ಅಂತ ನಾಲ್ಕು ಚಕ್ರದ ಇನ್ನೂ ಸಣ್ಣ ಇಂಜಿನ್‌ಗಳೂ ಇದೇ ಮನೆತನದವು. ಹೆಚ್ಚಿನ ಟ್ರೈ-ಆಂಗ್ ಸ್ಟೀಮ್ ಇಂಜಿನ್‌ಗಳ ಒಳಗಿರೋದು ಎಕ್ಸ್03 ಇಲ್ಲಾ ಎಕ್ಸ್04 ಅನ್ನೋ ಒಂದೇ ಥರದ ಮೋಟರ್, ಎರಡಕ್ಕೂ ಇರೋ ವ್ಯತ್ಯಾಸ ಮುಖ್ಯವಾಗಿ ಬೇರಿಂಗ್ ಹತ್ರ ಎಣ್ಣೆ ಹಿಡ್ಕೊಳೋ ಪ್ಯಾಡ್ ಮಾತ್ರ. ಹಾಗಾಗಿ ಒಂದು ಜಿಂಟಿ ರಿಪೇರಿ ಕಲಿತ್ರೆ ಆ ಕಾಲದ ಅರ್ಧ ಕ್ಯಾಟಲಾಗ್ ಕಲಿತ ಹಾಗೆ.

ಇವು ಆ ಕಾಲದ ಬಡ್ಜೆಟ್ ಇಂಜಿನ್‌ಗಳು ಅನ್ನೋದು ದೋಷ ಹುಡುಕೋಕೂ ಸಹಾಯ ಮಾಡತ್ತೆ. ರೋವೆಕ್ಸ್ ಅನ್ನೋ ಇಂಗ್ಲೆಂಡಿನ ಪ್ಲಾಸ್ಟಿಕ್ ಕಂಪನಿ 1950ರಲ್ಲಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಗಳಿಗೆ ಅಂತ ಪ್ರಿನ್ಸೆಸ್ ಎಲಿಜಬೆತ್ ಇಂಜಿನ್ನಿನ ಒಂದು ಟ್ರೈನ್ ಸೆಟ್ ಮಾಡ್ತು, 1951ರಲ್ಲಿ ಲೈನ್ಸ್ ಬ್ರದರ್ಸ್ ಅನ್ನೋ ಆಟಿಕೆ ಕಂಪನಿಯವರು ರೋವೆಕ್ಸನ್ನ ಕೊಂಡ್ಕೊಂಡು ಟ್ರೈ-ಆಂಗ್ ಹೆಸರಲ್ಲಿ ಮುಂದುವರಿಸಿದ್ರು, 1954ರಲ್ಲಿ ಕೆಂಟ್‌ನ ಮಾರ್ಗೇಟ್‌ಗೆ ಫ್ಯಾಕ್ಟರಿ ಹೋಯ್ತು. ಪೈಪೋಟಿಗೆ ಲಿವರ್‌ಪೂಲ್‌ನ ಹಾರ್ನ್‌ಬಿ ಡಬ್ಲೋ ಇತ್ತು, ಎರಕದ ಲೋಹದ ಬಾಡಿ, ಭಾರ, ದುಬಾರಿ. ಟ್ರೈ-ಆಂಗ್‌ನವರು ಪ್ಲಾಸ್ಟಿಕ್ ಬಾಡಿ, ಕಡಿಮೆ ಪಾರ್ಟು, ಒಂದೇ ಮೋಟರ್ ಹತ್ತು ಇಂಜಿನ್‌ಗೆ ಅಂತ ಮಾಡಿ ಬೆಲೆ ಇಳಿಸಿದ್ರು, ಕೊನೇಗೆ 1964ರಲ್ಲಿ ಲೈನ್ಸ್ ಬ್ರದರ್ಸ್ ಆ ಹಾರ್ನ್‌ಬಿ ಮಾಡ್ತಿದ್ದ ಮೆಕ್ಯಾನೋ ಕಂಪನಿಯನ್ನೇ ಕೊಂಡ್ಕೊಂಡ್ರು. ಪಾರ್ಟು ಕಡಿಮೆ ಅಂದ್ರೆ ಕೆಡೋಕೂ ಜಾಗ ಕಡಿಮೆ, ಎಲ್ಲಾ ಕಣ್ಣಿಗೆ ಕಾಣೋ ಹಾಗೆ ತೆರೆದೇ ಇರತ್ತೆ. ಅಗ್ಗದ ಆಟಿಕೆ ಅಂತ ಮಾಡಿದ್ದು ಎಪ್ಪತ್ತು ವರ್ಷ ಆದ್ಮೇಲೂ ಒಂದು ಸ್ಕ್ರೂಡ್ರೈವರ್‌ನಲ್ಲಿ ಸರಿ ಹೋಗತ್ತೆ ಅನ್ನೋದು ನನಗಂತೂ ಬಹಳ ದೊಡ್ಡ ವಿಷಯ, ನಾನು ಈ ಇಂಜಿನ್‌ಗಳನ್ನ ಹುಡುಕಿ ಹುಡುಕಿ ತಗೊಳೋದೇ ಅದಕ್ಕೆ.

ಬೇಕಾಗೋ ಸಾಮಾನು

ದುಬಾರಿ ಯಾವ್ದೂ ಬೇಡ. ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್, ಒಳ್ಳೇ ಸಣ್ಣ ಸ್ಕ್ರೂಡ್ರೈವರ್, ಐಸೊಪ್ರೊಪೈಲ್ ಆಲ್ಕೋಹಾಲ್, ಕಾಟನ್ ಬಡ್ಸ್, ಮರದ ಟೂತ್‌ಪಿಕ್, ಹೊಲಿಗೆ ಮಷೀನ್ ಎಣ್ಣೆ. ಬೆಂಗಳೂರಲ್ಲಿರೋರಿಗೆ ಎಸ್‌ಪಿ ರೋಡಲ್ಲಿ ಒಂದು ರೌಂಡ್ ಹೊಡೆದ್ರೆ ಎಣ್ಣೆ ಬಿಟ್ಟು ಹೆಚ್ಚುಕಮ್ಮಿ ಎಲ್ಲಾ ಸಿಗತ್ತೆ. ಕರೆಂಟ್‌ಗೆ ಟ್ರೈನ್ ಕಂಟ್ರೋಲರ್ ಇದ್ರೆ ಸರಿ, ಇಲ್ಲಾಂದ್ರೆ ಮನೇಲಿ ಬಿದ್ದಿರೋ ಹಳೇ ವೈಫೈ ರೂಟರ್ ಅಡಾಪ್ಟರ್ ನೋಡಿ, 12 ವೋಲ್ಟ್ ಡಿಸಿ 1 ಆಂಪ್ ಅಂತ ಬರೆದಿದ್ರೆ ಟೆಸ್ಟಿಂಗ್‌ಗೆ ಅಷ್ಟೇ ಸಾಕು, ಈ ಇಂಜಿನ್‌ಗಳು ಓಡೋದೇ 12 ವೋಲ್ಟ್ ಡಿಸಿಯಲ್ಲಿ. ಡಿಸಿಸಿ, ಅಂದ್ರೆ ಡಿಜಿಟಲ್ ಕಂಟ್ರೋಲ್ ಸಿಸ್ಟಮ್ ಇರೋ ಹಳಿ ಮೇಲೆ ಮಾತ್ರ ಇಡ್ಲೇಬೇಡಿ, ಆ ಹಳಿಯಲ್ಲಿ ವೋಲ್ಟೇಜ್ ಆಕಡೆ ಈಕಡೆ ಬದಲಾಗ್ತಾನೇ ಇರತ್ತೆ, ಮೋಟರ್ ಗುಂಯ್ ಅಂತ ನಿಂತಲ್ಲೇ ಬಿಸಿಯಾಗಿ ವೈಂಡಿಂಗ್ ಹೋಗತ್ತೆ.

ಇನ್ನೊಂದು ಸಾಮಾನು ಎಲ್ರೂ ಇಟ್ಕೊಳ್ಳಿ, ಟೂ ವೀಲರ್ ಇಂಡಿಕೇಟರ್ ಬಲ್ಬು, 12 ವೋಲ್ಟ್ 10 ವ್ಯಾಟ್, ಯಾವ ಸ್ಪೇರ್ ಪಾರ್ಟ್ಸ್ ಅಂಗಡೀಲಾದ್ರೂ ಸಿಗತ್ತೆ. ಅಡಾಪ್ಟರ್‌ನಿಂದ ಇಂಜಿನ್‌ಗೆ ಹೋಗೋ ಒಂದು ವೈರ್ ಕಟ್ ಮಾಡಿ ಮಧ್ಯ ಆ ಬಲ್ಬ್ ಸೇರಿಸಿ. ಇಂಜಿನ್ ಒಳಗೆ ಶಾರ್ಟ್ ಇದ್ರೆ ಬಲ್ಬು ಪೂರ್ತಿ ಪ್ರಕಾಶವಾಗಿ ಉರಿಯತ್ತೆ, ಏನೂ ಸುಡಲ್ಲ. ಬಲ್ಬ್ ಮಂಕಾಗಿ ಉರಿದು ಮೋಟರ್ ತಿರುಗಿದ್ರೆ ಸರಿ ಇದೆ ಅಂತ, ಸ್ಪೀಡ್ ಸ್ವಲ್ಪ ಕಮ್ಮಿ ಇರತ್ತೆ ಅದಕ್ಕೆ ಗಾಬರಿ ಬೇಡ, ಬಲ್ಬೂ ಒಂದಷ್ಟು ವೋಲ್ಟ್ ತಿಂದಿರತ್ತೆ. ಬಲ್ಬ್ ಉರೀತಾನೇ ಇಲ್ಲ, ಮೋಟರೂ ತಿರುಗ್ತಿಲ್ಲ ಅಂದ್ರೆ ಎಲ್ಲೋ ಕಟ್ ಆಗಿದೆ. ಈ ಮೂರರಲ್ಲಿ ನಿಮ್ಮದು ಯಾವ್ದು ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು.

ಚಕ್ರ ಕೈಯಲ್ಲಿ ತಿರುಗ್ತಿಲ್ಲ ಅಂತ ಹೆದರಬೇಡಿ

ಹೊಸಬರು ಬಹಳ ಸಲ ಕೇಳೋ ಪ್ರಶ್ನೆ ಇದು, ಜಾಮ್ ಆಗಿದ್ಯಾ ಅಂತ. ಜಾಮ್ ಅಲ್ಲ. ಮೋಟರ್ ಶಾಫ್ಟ್ ಮೇಲಿರೋ ವರ್ಮ್ ಗೇರ್ ಆಕ್ಸಲ್ ಮೇಲಿನ ಹಲ್ಲಿನ ಚಕ್ರನ ತಿರುಗಿಸತ್ತೆ, ಆದ್ರೆ ಆ ಚಕ್ರ ವಾಪಸ್ ವರ್ಮ್ ತಿರುಗಿಸೋಕಾಗಲ್ಲ, ಅದರ ರಚನೆನೇ ಹಾಗೆ. ಬಲವಂತವಾಗಿ ಚಕ್ರ ತಿರುಗಿಸಿದ್ರೆ ಹಲ್ಲು ಮುರಿಯತ್ತೆ, ಇಲ್ಲಾ ಆಕ್ಸಲ್ ಮೇಲೆ ಚಕ್ರ ಜರುಗಿ ಆಮೇಲೆ ಕುಂಟೋದು ಶುರುವಾಗತ್ತೆ. ತಿರುಗಿಸಿ ನೋಡ್ಲೇಬೇಕು ಅಂದ್ರೆ ಬಾಡಿ ತೆಗೆದು ಆರ್ಮೇಚರ್‌ನೇ ಬೆರಳಲ್ಲಿ ನಿಧಾನ ತಿರುಗಿಸಿ, ಚಕ್ರ ಅದ್ರ ಜೊತೆ ಬರತ್ತೆ. ಅದೂ ತಿರುಗ್ತಿಲ್ಲ ಅಂದ್ರೆ ಮಾತ್ರ ಜಾಮ್. ಹೆಚ್ಚಾಗಿ ಅದು ದಶಕಗಳ ಹಿಂದೆ ಹಾಕಿದ ಎಣ್ಣೆ ಒಣಗಿ ಅಂಟಾಗಿರೋದು, ಬೇರಿಂಗ್ ಹತ್ರ ಒಂದೆರಡು ಹನಿ ಐಸೊಪ್ರೊಪೈಲ್ ಬಿಟ್ಟು ಸ್ವಲ್ಪ ಹೊತ್ತು ಬಿಟ್ಬಿಡಿ, ತಾನೇ ಸಡಿಲ ಆಗತ್ತೆ, ಆಮೇಲೆ ಹೊಸ ಎಣ್ಣೆ.

ಬಲ್ಬ್ ಉರೀತಿಲ್ಲ, ಇಂಜಿನ್ ಸತ್ತ ಹಾಗಿದೆ

ಎರಡು ಹಳಿ, ಎರಡು ದಾರಿ. ಒಂದು ಕಡೆ ಚಕ್ರಗಳು ಆಕ್ಸಲ್ ಮೂಲಕ ನೇರ ಲೋಹದ ಚಾಸಿಗೇ ಕರೆಂಟ್ ಕೊಡ್ತವೆ, ಚಾಸಿಯಿಂದ ಅದು ಮೋಟರಿನ ಒಂದು ಕಾರ್ಬನ್ನಿಗೆ ಹೋಗತ್ತೆ. ಇನ್ನೊಂದು ಕಡೆ ಚಕ್ರಗಳು ಇನ್ಸುಲೇಟ್ ಆಗಿರ್ತವೆ, ಅವುಗಳಿಗೆ ಕೆಳಗಿನಿಂದ ತೆಳು ಪಟ್ಟಿ ಒಂದು ತಾಗ್ಕೊಂಡಿರತ್ತೆ, ಅದೇ ಪಿಕಪ್, ಅದರಿಂದ ಒಂದು ವೈರ್ ಇನ್ನೊಂದು ಕಾರ್ಬನ್ನಿಗೆ. ಇಷ್ಟೇ ಇಡೀ ಸರ್ಕ್ಯೂಟ್.

ಮೀಟರ್‌ನ ಬೀಪ್ ಮೋಡಲ್ಲಿಡಿ. ಇನ್ಸುಲೇಟ್ ಆಗಿರೋ ಕಡೆಯ ಚಕ್ರದ ಅಂಚಿಗೆ ಒಂದು ಪ್ರೋಬ್, ಕಾರ್ಬನ್ನಿಗೆ ಹೋಗೋ ವೈರಿನ ತುದಿಗೆ ಇನ್ನೊಂದು. ಬೀಪ್ ಬರ್ಬೇಕು, ಪ್ರತಿ ಚಕ್ರಕ್ಕೂ ಬೇರೆ ಬೇರೆಯಾಗಿ ನೋಡಿ. ಬರ್ಲಿಲ್ಲ ಅಂದ್ರೆ ಪಿಕಪ್ ಪಟ್ಟಿ ಬಾಗಿ ಚಕ್ರದಿಂದ ದೂರ ನಿಂತಿದೆ, ಇಲ್ಲಾ ಕಿಲುಬು ಹಿಡಿದಿದೆ, ಇಲ್ಲಾ ಸೋಲ್ಡರ್ ಬಿಟ್ಟಿದೆ. ಪಟ್ಟಿನ ತುಂಬಾ ಒತ್ತಿ ಬಗ್ಗಿಸ್ಬೇಡಿ, ಚಕ್ರಕ್ಕೆ ಬ್ರೇಕ್ ಹಾಕಿದ ಹಾಗಾಗತ್ತೆ, ಹಗುರವಾಗಿ ತಾಗಿದ್ರೆ ಸಾಕು.

ಈಗ ಚಾಸಿ ಕಡೆ. ಅದೇ ಥರ ಆ ಬದಿಯ ಚಕ್ರದಿಂದ ಚಾಸಿಗೆ ಬೀಪ್ ನೋಡಿ. ಇಲ್ಲಿ ಒಂದು ವಿಷಯ ಬಹಳ ಜನರ ಗಮನಕ್ಕೆ ಬರಲ್ಲ, ಚಾಸಿ ಕಡೆ ಪಿಕಪ್ ಪಟ್ಟಿನೇ ಇಲ್ಲ ಅಲ್ವಾ, ಕರೆಂಟ್ ಹೋಗೋದೆಲ್ಲಾ ಆಕ್ಸಲ್ ಮತ್ತೆ ಚಾಸಿಯ ತೂತು ಒಂದಕ್ಕೊಂದು ತಾಗೋ ಜಾಗದಲ್ಲಿ, ಅದೇ ಜಾಗಕ್ಕೆ ಅಷ್ಟು ವರ್ಷ ಎಣ್ಣೆ ಹಾಕಿ ಹಾಕಿ ಅದು ಒಣಗಿ ವಾರ್ನಿಶ್ ಆಗಿರತ್ತೆ, ಹಾಗಾಗಿ ಚಕ್ರ ಫಳಫಳ ಅಂತಿದ್ರೂ ಕರೆಂಟ್ ಒಳಗೆ ಬರಲ್ಲ. ಬಡ್ಸ್‌ನಲ್ಲಿ ಐಸೊಪ್ರೊಪೈಲ್ ತಗೊಂಡು ಪ್ರತಿ ಆಕ್ಸಲ್ ತೂತಿಗೂ ಎರಡೂ ಕಡೆಯಿಂದ ಬಿಟ್ಟು, ಚಕ್ರ ಆಡಿಸಿ, ಕಪ್ಪು ನೀರು ಒರೆಸಿ, ಮತ್ತೆ ಬಿಟ್ಟು, ಮತ್ತೆ ಒರೆಸಿ. ಬರೋ ನೀರು ತಿಳಿ ಆಗೋವರೆಗೂ. ಆಮೇಲೆ ಒಂದೊಂದು ತೂತಿಗೆ ಸೂಜಿ ತುದಿಯಷ್ಟು ಎಣ್ಣೆ, ಅದಕ್ಕಿಂತ ಜಾಸ್ತಿ ಬೇಡ. ಮಧ್ಯೆ ಮಧ್ಯೆ ಕರೆಂಟ್ ಹೋಗಿ ಬಂದು ಹೋಗಿ ಬಂದು ಎಗರಾಡ್ತಾ ಓಡೋ ಇಂಜಿನ್‌ಗೂ ಮೊದ್ಲು ಇದನ್ನೇ ಮಾಡಿ.

ಚಕ್ರದ ಅಂಚಲ್ಲಿ ಕಪ್ಪು ಪದರ ಇದ್ರೆ ಅದೂ ತೆಗೀಬೇಕು, ಆದ್ರೆ ಉಪ್ಪು ಕಾಗದ ಹಾಕಿ ಉಜ್ಬೇಡಿ, ಗೀರು ಬಿದ್ರೆ ಆ ಗೀರಲ್ಲೇ ಮತ್ತೆ ಕೊಳೆ ಬೇಗ ಕೂರತ್ತೆ. ಟಿಶ್ಯೂ ಪೇಪರ್‌ನ ಆಲ್ಕೋಹಾಲಲ್ಲಿ ಒದ್ದೆ ಮಾಡಿ ಒರೆಸಿ ಸಾಕು. ಪವರ್ ಆಫ್ ಮಾಡಿಯೇ ಒರೆಸಿ, ಅದು ಬೇಗ ಹತ್ಕೊಳೋ ವಸ್ತು. ನೈಲ್ ಪಾಲಿಶ್ ರಿಮೂವರ್ ಮಾತ್ರ ಹತ್ತಿರಾನೂ ತರ್ಬೇಡಿ, ಅದರಲ್ಲಿರೋ ಅಸಿಟೋನ್‌ಗೆ ಪ್ಲಾಸ್ಟಿಕ್ ಬಾಡಿ ಕರಗತ್ತೆ. ತೆಂಗಿನೆಣ್ಣೆನೂ ಬೇಡ, ಚಳಿಗಾಲ ಬಂದ್ರೆ ಗಟ್ಟಿಯಾಗತ್ತೆ, ದಿನ ಕಳೆದ ಹಾಗೆ ಅಂಟಾಗತ್ತೆ, ಈಗ ತೆಗೀತಿದೀವಲ್ಲ ಆ ಕೊಳೆನೇ ಮತ್ತೆ ಹಾಕಿದ ಹಾಗೆ.

ಹಳಿ ಬಗ್ಗೆನೂ ಒಂದ್ ಮಾತು. 1962ರಲ್ಲಿ ಬಂದ ಟ್ರೈ-ಆಂಗ್ ಸೂಪರ್ 4 ಹಳಿ ಉಕ್ಕಿನದು, ಮಂಗಳೂರು ಕಾರವಾರದ ಕಡೆ ಇರೋರಿಗೆ ಒಂದು ಮಳೆಗಾಲ ಕಳೆಯೋ ಅಷ್ಟರಲ್ಲಿ ತುಕ್ಕು ಬಂದಿರತ್ತೆ. ನಿಕಲ್ ಸಿಲ್ವರ್ ಹಳಿಗೆ ತುಕ್ಕಿನ ಕಾಟ ಇಲ್ಲ. ಇಂಜಿನ್ ಬೈಯೋ ಮೊದ್ಲು ಎರಡೂ ಹಳಿ ಮಧ್ಯ ಮೀಟರಲ್ಲಿ 12 ವೋಲ್ಟ್ ಬರ್ತಿದ್ಯಾ, ಅದೂ ಜೋಡಿಸಿರೋ ಹಳಿಯ ಆ ತುದೀಲೂ ಬರ್ತಿದ್ಯಾ ಅಂತ ನೋಡ್ಕೊಳ್ಳಿ.

ಬಲ್ಬ್ ಜೋರಾಗಿ ಉರೀತಿದೆ, ಅಂದ್ರೆ ಶಾರ್ಟ್

ಇದರಲ್ಲಿ ಮೊದಲ ಅನುಮಾನ ಒಂದು ಸಣ್ಣ ರಬ್ಬರ್ ಕೊಳವೆ ಮೇಲೆ. ಎಕ್ಸ್04ರಲ್ಲಿ ಎರಡೂ ಕಾರ್ಬನ್ ಒತ್ತಿ ಹಿಡಿಯೋದು ಒಂದೇ ತಂತಿ ಸ್ಪ್ರಿಂಗು, ಹೇರ್‌ಪಿನ್ ಆಕಾರದ್ದು, ಅದರ ಎರಡು ಕೈ ಎರಡು ಕಾರ್ಬನ್ ಮೇಲೆ. ಒಂದು ಕಾರ್ಬನ್ ಚಾಸಿಗೆ ಸೇರಿದ್ದು, ಇನ್ನೊಂದು ವೈರಿಗೆ ಸೇರಿದ್ದು, ಎರಡನ್ನೂ ಒಂದೇ ತಂತಿ ಮುಟ್ಟಿದ್ರೆ ನೇರ ಶಾರ್ಟ್ ಅಲ್ವಾ, ಅದಕ್ಕೇ ಒಂದು ಕೈಗೆ ಇನ್ಸುಲೇಶನ್ ಕೊಳವೆ ತೊಡಿಸಿರ್ತಾರೆ, ವೈರ್ ಬರೋ ಕಡೆಯ ಕೈಗೆ. ಹಳೇದಾದ್ಮೇಲೆ ಆ ಕೊಳವೆ ಒಡೆದು ಬಿದ್ದೋಗತ್ತೆ, ಇಲ್ಲಾ ಹಿಂದೆ ಯಾರೋ ಬಿಚ್ಚಿ ಜೋಡಿಸೋವಾಗ ಹಾಕದೇ ಬಿಟ್ಟಿರ್ತಾರೆ. ಸಣ್ಣ ವೈರಿನ ಸಿಪ್ಪೆ ಸುಲಿದು ಅದನ್ನೇ ತೊಡಿಸಿದ್ರೆ ಆಯ್ತು, ಮುಗೀತು ರಿಪೇರಿ. ಮಾರೋರು ಮೋಟರ್ ಸುಟ್ಟೋಗಿದೆ ಅಂತ ಹೇಳಿ ಕೊಡೋ ಇಂಜಿನ್‌ಗಳಲ್ಲಿ ಇದೊಂದು ಕಾರಣ ಇದ್ರೆ ಅದು ನಿಮ್ಮ ಅದೃಷ್ಟ.

ಎರಡನೇದು ಪಿಕಪ್ ಹಿಡಿಯೋ ಸ್ಕ್ರೂ. ಪಿಕಪ್ ಪಟ್ಟಿ ಚಾಸಿಗೆ ತಾಗಬಾರದು, ಅದಕ್ಕೆ ಫೈಬರ್ ವಾಶರ್ ಮತ್ತೆ ಸ್ಕ್ರೂ ಸುತ್ತ ಒಂದು ಬುಶ್ ಇರತ್ತೆ. ವಾಶರ್ ಇಲ್ಲಾಂದ್ರೆ, ಇಲ್ಲಾ ಜೋಡಿಸೋ ಕ್ರಮ ತಪ್ಪಿದ್ರೆ ಪಟ್ಟಿ ಚಾಸಿಗೆ ಕೂತ್ಬಿಡತ್ತೆ. ಬಿಚ್ಚೋ ಮುಂಚೆ ಫೋನಲ್ಲಿ ಫೋಟೋ ತೆಗೆದಿಟ್ಕೊಳ್ಳಿ, ಯಾವುದು ಯಾವುದರ ಮೇಲೆ ಅಂತ.

ಮೂರನೇದು ಕೆಪಾಸಿಟರ್. ಟಿವಿ ಚಿತ್ರಕ್ಕೆ ತೊಂದರೆ ಆಗಬಾರದು ಅಂತ ಬ್ರಿಟನ್ನಿನಲ್ಲಿ ಆ ಕಾಲದ ಆಟಿಕೆಗಳಿಗೆ ಅದನ್ನ ಹಾಕ್ತಿದ್ರು. ಹಳೇ ಕೆಪಾಸಿಟರ್ ಒಳಗೇ ಶಾರ್ಟ್ ಆಗೋದುಂಟು. ಅದರ ಒಂದು ಕಾಲು ಬಿಡಿಸಿ ಮತ್ತೆ ಬಲ್ಬ್ ಟೆಸ್ಟ್ ಮಾಡಿ, ಬಲ್ಬ್ ಮಂಕಾಯ್ತು ಅಂದ್ರೆ ಅದೇ ಕಳ್ಳ. ಅದಿಲ್ದೇನೂ ಇಂಜಿನ್ ಓಡತ್ತೆ.

ಮೋಟರ್ ತಿರುಗತ್ತೆ, ಆದ್ರೆ ಜೀವ ಇಲ್ಲ

ಕರೆಂಟ್ ಬರ್ತಿದೆ, ತಿರುಗತ್ತೆ, ಆದ್ರೆ ನಿಧಾನ, ಎಳೆಯಲ್ಲ, ಕಿಡಿ ಜಾಸ್ತಿ. ಈಗ ಕಮ್ಯುಟೇಟರ್ ನೋಡೋ ಹೊತ್ತು. ಬಾಡಿ ತೆಗೆದು ಒಳ್ಳೇ ಬೆಳಕಲ್ಲಿ, ಸಾಧ್ಯ ಆದ್ರೆ ಭೂತಗನ್ನಡಿ ಹಿಡಿದು ನೋಡಿ. ಶಾಫ್ಟ್ ಸುತ್ತ ತಾಮ್ರದ ಮೂರು ತುಂಡು, ಮಧ್ಯೆ ಮೂರು ಸಣ್ಣ ಸಂದು. ತುಂಡುಗಳು ತಾಮ್ರದ ಬಣ್ಣದಲ್ಲಿರ್ಬೇಕು, ಸಂದು ಖಾಲಿ ಇರ್ಬೇಕು. ಹಳೇ ಇಂಜಿನ್‌ನಲ್ಲಿ ಕಾಣೋದು ಸುತ್ತಲೂ ಒಂದೇ ಸಮ ಕಪ್ಪು ಉಂಗುರ, ಸಂದು ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಕಾರ್ಬನ್ ಪುಡಿಗೆ ಎಣ್ಣೆ ಸೇರಿ ಆ ಸಂದೊಳಗೆ ಗಟ್ಟಿಯಾಗಿ ಕೂತಿರತ್ತೆ, ಕಾರ್ಬನ್ ಅಂದ್ಮೇಲೆ ಅದರಲ್ಲೂ ಕರೆಂಟ್ ಹರಿಯತ್ತೆ, ಕಾಯಿಲ್‌ಗೆ ಹೋಗ್ಬೇಕಾದ ಕರೆಂಟ್ ಅಡ್ಡದಾರೀಲಿ ಪಕ್ಕದ ತುಂಡಿಗೆ ಹೋಗತ್ತೆ.

ಟೂತ್‌ಪಿಕ್ ತುದಿನ ಚಪ್ಪಟೆಯಾಗಿ ಕೆತ್ತಿ ಆ ಸಂದಲ್ಲಿಟ್ಟು ಶಾಫ್ಟ್ ಉದ್ದಕ್ಕೆ ಎಳೀರಿ, ಕಪ್ಪು ದಾರದ ಹಾಗೆ ಎದ್ದು ಬರತ್ತೆ. ಮೂರೂ ಸಂದು. ಆಮೇಲೆ ಬಡ್ಸ್‌ಗೆ ಆಲ್ಕೋಹಾಲ್ ಹಾಕಿ ತಾಮ್ರದ ಮೇಲೆ ಹಿಡಿದು ಆರ್ಮೇಚರ್ ಕೈಯಲ್ಲಿ ತಿರುಗಿಸಿ. ಲೋಹದ ಪಿನ್ ಬೇಡ, ಎಮರಿ ಕಾಗದವಂತೂ ಬೇಡ್ವೇ ಬೇಡ, ಅದರ ಕಾಳು ಸಂದಲ್ಲಿ ಸಿಕ್ಕಾಕ್ಕೊಂಡು ಕಾರ್ಬನ್ ತಿಂದಾಕತ್ತೆ. ಕಾರ್ಬನ್‌ಗಳನ್ನೂ ತೆಗೆದು ಮುಖ ನೋಡಿ, ಕನ್ನಡಿ ಥರ ಹೊಳೀತಿದ್ರೆ ಬಿಳಿ ಕಾಗದದ ಮೇಲೆ ಒಂದೆರಡು ಸಲ ಉಜ್ಜಿ, ಮುಖದ ಬಾಗು ಹೋಗದ ಹಾಗೆ. ಗಿಡ್ಡ ಆಗಿದ್ರೆ ಬದಲಾಯಿಸಿ, ಈ ಮೋಟರಿಗೆ ಹೊಸ ಕಾರ್ಬನ್ ಇವತ್ತಿಗೂ ತಯಾರಾಗಿ ಸಿಗತ್ತೆ. ಸ್ಪ್ರಿಂಗ್ ಒಮ್ಮೆ ಬಿಸಿಗೆ ಸಿಕ್ಕಿ ಬಣ್ಣ ತಿರುಗಿದ್ರೆ ಅದರ ಒತ್ತಡ ಹೋಗಿರತ್ತೆ, ಅದನ್ನೂ ಹೊಸದೇ ಹಾಕಿ. ಸ್ಪ್ರಿಂಗ್ ಬಗ್ಗಿಸಿ ಒತ್ತಡ ಜಾಸ್ತಿ ಮಾಡಿದ್ರೆ ಅವತ್ತಿಗೆ ಜೋರಾಗಿ ಓಡತ್ತೆ ನಿಜ, ಆದ್ರೆ ತಾಮ್ರ ಸವೆಯತ್ತೆ, ತಾಮ್ರ ಹೋದ್ರೆ ಆರ್ಮೇಚರೇ ಹೋದ ಹಾಗೆ.

ಕೆಲವು ಇಂಜಿನ್ ಒಂದು ಜಾಗದಲ್ಲಿ ನಿಂತ್ರೆ ತಾನಾಗೇ ಹೊರಡಲ್ಲ, ಬೆರಳಲ್ಲಿ ಒಂದು ತಳ್ಳು ಕೊಟ್ರೆ ಹೊರಡತ್ತೆ. ಮೂರು ಕಾಯಿಲ್‌ನಲ್ಲಿ ಒಂದು ಕೆಲಸ ಮಾಡ್ತಿಲ್ಲ ಅನ್ನೋ ಅನುಮಾನ ಬರ್ಬೇಕು. ಕಾರ್ಬನ್ ಎರಡೂ ತೆಗೆದು ಮೀಟರ್‌ನ 200 ಓಮ್ ರೇಂಜಲ್ಲಿಟ್ಟು ತಾಮ್ರದ ತುಂಡುಗಳನ್ನ ಎರಡೆರಡಾಗಿ ಅಳೀರಿ, ಒಂದು-ಎರಡು, ಎರಡು-ಮೂರು, ಮೂರು-ಒಂದು. ಮೂರೂ ಹೆಚ್ಚುಕಮ್ಮಿ ಒಂದೇ ಬರ್ಬೇಕು. ಒಂದು ಬೇರೆ ಥರ ಬಂದ್ರೆ ತಂತಿ ಎಲ್ಲೋ ಕಟ್ ಆಗಿದೆ, ಆದ್ರೆ ಆಸೆ ಬಿಡ್ಬೇಡಿ, ಕಟ್ ಆಗಿರೋದು ಬಹಳ ಸಲ ಕಾಯಿಲ್ ಒಳಗಲ್ಲ, ತಂತಿ ತುದಿ ತಾಮ್ರದ ತುಂಡಿಗೆ ಸೇರೋ ಜಾಗದಲ್ಲಿ. ಕೈ ಪಳಗಿದೋರು ಅಲ್ಲಿ ಒಂದು ಹನಿ ಸೋಲ್ಡರ್ ಹಾಕಿದ್ರೆ ಸರಿ ಹೋಗತ್ತೆ. ಜೊತೆಗೆ ಯಾವ ತುಂಡಿಗೂ ಶಾಫ್ಟಿಗೂ ಬೀಪ್ ಬರಬಾರದು, ಬಂದ್ರೆ ವೈಂಡಿಂಗ್ ಬಾಡಿಗೆ ತಾಗಿದೆ, ಬೇರೆ ಆರ್ಮೇಚರ್ ಹುಡುಕಿ.

ಸ್ಪೀಡಿದೆ, ಎಳೆಯಲ್ಲ, ಕೈ ಇಟ್ರೆ ಸುಡತ್ತೆ

ಇದು ಮ್ಯಾಗ್ನೆಟ್ ಸೋತಿರೋ ಲಕ್ಷಣ, ನೋಡೋಕೆ ಚೆನ್ನಾಗೇ ಓಡ್ತಿದೆ ಅನ್ಸೋದ್ರಿಂದ ಜನ ಮೋಸ ಹೋಗ್ತಾರೆ. ಮ್ಯಾಗ್ನೆಟ್ ಬಲ ಕಮ್ಮಿಯಾದ್ರೆ ಖಾಲಿ ಇಂಜಿನ್ ಇನ್ನೂ ಜೋರಾಗೇ ತಿರುಗತ್ತೆ, ಆದ್ರೆ ಕರೆಂಟ್ ಜಾಸ್ತಿ ಎಳೆಯತ್ತೆ, ನಾಲ್ಕು ಡಬ್ಬಿ ಕಟ್ಟಿದ್ರೆ ಸುಸ್ತಾಗತ್ತೆ. ಮೀಟರ್‌ನ 10 ಆಂಪ್ ರೇಂಜಲ್ಲಿ ಸೀರೀಸಾಗಿ ಹಾಕಿ ನೋಡಿ, ಈ ಟೆಸ್ಟಿಗೆ ಬಲ್ಬ್ ತೆಗೀರಿ. ಬರೀ ಚಾಸಿ, ಡಬ್ಬಿ ಇಲ್ದೆ, 12 ವೋಲ್ಟಿಗೆ ಕಾಲು ಆಂಪಿನಿಂದ ಅರ್ಧ ಆಂಪ್ ಒಳಗಿದ್ರೆ ಮೋಟರ್ ಆರೋಗ್ಯವಾಗಿದೆ. ಕಮ್ಯುಟೇಟರ್ ಕ್ಲೀನ್ ಮಾಡಿ, ಎಣ್ಣೆ ಹಾಕಿ, ಎಲ್ಲಾ ಸಲೀಸಾಗಿ ತಿರುಗ್ತಿದ್ರೂ 1 ಆಂಪ್ ಹತ್ರ ಹೋಗ್ತಿದ್ರೆ ಮ್ಯಾಗ್ನೆಟ್ಟೇ.

ಶುರೂಲಿ ಹೇಳ್ತೀನಿ ಅಂದಿದ್ದು ಇದೇ. ಎಕ್ಸ್04ರ ಮ್ಯಾಗ್ನೆಟ್ ಅಲ್ನಿಕೊ, ಅಂದ್ರೆ ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಕಬ್ಬಿಣಕ್ಕೆ ಸೇರಿಸಿದ್ದು. ಎರಡು ಕಬ್ಬಿಣದ ಫಲಕಗಳ ಮಧ್ಯೆ ಅದು ಕೂತಿರತ್ತೆ, ಮ್ಯಾಗ್ನೆಟ್ಟಿನ ಬಲ ಆ ಕಬ್ಬಿಣದ ಮೂಲಕ ಸುತ್ತು ಹಾಕಿ ವಾಪಸ್ ಬರೋವರೆಗೂ ಸುರಕ್ಷಿತ. ಫಲಕದಿಂದ ಅದನ್ನ ಹೊರಗೆ ತೆಗೆದ್ರೆ ಆ ಸುತ್ತು ಮುರಿದು ತನ್ನ ಬಲವನ್ನ ತಾನೇ ಕಳ್ಕೊಳತ್ತೆ, ಅಲ್ನಿಕೊದ ಗುಣ ಅದು, ವಾಪಸ್ ಜಾಗಕ್ಕೆ ಇಟ್ರೂ ಹೋದ ಬಲ ಬರಲ್ಲ. ಆರ್ಮೇಚರ್ ಹೊರಗೆ ತೆಗೆಯೋ ಅನಿವಾರ್ಯ ಬಂದ್ರೆ ಆ ಜಾಗಕ್ಕೆ ಒಂದು ಕಬ್ಬಿಣದ ತುಂಡು ಸೇರಿಸಿ ಸುತ್ತು ಮುಚ್ಚಿಡಿ. ಕ್ಲೀನಿಂಗ್‌ಗೆ ಅದ್ಯಾವ್ದೂ ಬೇಕಾಗಲ್ಲ, ಕಮ್ಯುಟೇಟರ್ ಹೊರಗಿನಿಂದಲೇ ಸಿಗತ್ತೆ.

ಸೋತ ಮ್ಯಾಗ್ನೆಟ್ಟಿಗೆ ಎರಡು ದಾರಿ. ಮ್ಯಾಗ್ನೆಟೈಸರ್ ಇರೋರ ಹತ್ರ ಜೋಡಿಸಿದ ಹಾಗೇ ಮತ್ತೆ ಬಲ ತುಂಬಿಸೋದು, ಇಲ್ಲಾ ಆ ಜಾಗಕ್ಕೆ ನಿಯೋಡೈಮಿಯಂ ಮ್ಯಾಗ್ನೆಟ್ ಹಾಕೋದು. ನಿಯೋಡೈಮಿಯಂ ಅತಿಯಾದ್ರೆ ಆರ್ಮೇಚರ್ ಹಿಡಿಹಿಡಿದು ತಿರುಗತ್ತೆ, ಹೊರಡೋಕೇ ಹೆಚ್ಚು ವೋಲ್ಟ್ ಬೇಕಾಗತ್ತೆ, ಹಾಗಾಗಿ ಸಣ್ಣದು ಹಾಕಿ ಉಳಿದ ಜಾಗ ಕಬ್ಬಿಣದಲ್ಲಿ ತುಂಬಿ. ಕಲೆಕ್ಷನ್ ಅಂತ ಮೂಲ ರೂಪದಲ್ಲೇ ಇಟ್ಕೊಳೋರಿಗೆ ನನ್ನ ಆಯ್ಕೆ ಮೊದಲ ದಾರಿನೇ.

ಕುಂಟ್ತಾ ಓಡೋದು, ಒಂದೇ ದಿಕ್ಕಿಗೆ ಓಡೋದು

ಚಕ್ರ ಒಂದು ಸುತ್ತು ಬರೋ ಅಷ್ಟರಲ್ಲಿ ಒಂದೇ ಜಾಗದಲ್ಲಿ ಹಿಡ್ಕೊಂಡ್ರೆ ಅದು ಕರೆಂಟಿನ ದೋಷ ಅಲ್ಲ, ಚಕ್ರಗಳನ್ನ ಒಂದಕ್ಕೊಂದು ಸೇರಿಸೋ ರಾಡಿನ ದೋಷ. ಎಡ ಬಲ ಚಕ್ರಗಳು ಒಂದಕ್ಕೊಂದು 90 ಡಿಗ್ರಿ ವ್ಯತ್ಯಾಸದಲ್ಲಿರ್ಬೇಕು, ಮೂರೂ ಆಕ್ಸಲ್‌ನಲ್ಲಿ ಆ ವ್ಯತ್ಯಾಸ ಒಂದೇ ಥರ ಇರ್ಬೇಕು. ಮೋಟರ್‌ನ ಅದರ ಸ್ಕ್ರೂ ಬಿಚ್ಚಿ ಇಡಿಯಾಗಿ ಎತ್ತಿಟ್ಟು ಬರೀ ಚಾಸಿನ ಗಾಜಿನ ಮೇಲೆ ಸ್ವಲ್ಪ ಇಳಿಜಾರಲ್ಲಿ ಬಿಡಿ, ತಾನಾಗೇ ಉರುಳ್ಕೊಂಡು ಹೋಗ್ಬೇಕು. ನಿಂತ್ರೆ ಯಾವ ಆಕ್ಸಲ್ ಹತ್ರ ರಾಡ್ ಬಿಗಿಯಾಗತ್ತೆ ನೋಡಿ, ಆ ಚಕ್ರ ಜರುಗಿದೆ. ಕೂದಲು, ಕಾರ್ಪೆಟ್ ನೂಲು ಆಕ್ಸಲ್‌ಗೆ ಸುತ್ಕೊಂಡಿರೋದೂ ಉಂಟು, ಮೊದ್ಲು ಅದನ್ನ ಚಿಮುಟದಲ್ಲಿ ತೆಗೀರಿ.

ಮುಂದೆ ಚೆನ್ನಾಗಿ ಹೋಗತ್ತೆ, ಹಿಂದೆ ಹೋಗೋವಾಗ ಕಿರುಚತ್ತೆ ಅಂದ್ರೆ ಆರ್ಮೇಚರ್ ಉದ್ದಕ್ಕೆ ಆಡ್ತಿದೆ. ವರ್ಮ್ ಒಂದು ದಿಕ್ಕಲ್ಲಿ ಶಾಫ್ಟನ್ನ ಮುಂದಕ್ಕೆ ಎಳೆಯತ್ತೆ, ಇನ್ನೊಂದು ದಿಕ್ಕಲ್ಲಿ ಹಿಂದಕ್ಕೆ ತಳ್ಳತ್ತೆ. ವರ್ಮ್ ಮತ್ತೆ ಬೇರಿಂಗ್ ಮಧ್ಯೆ ತೆಳು ವಾಶರ್ ಸೇರಿಸಿ, ಸ್ವಲ್ಪವೇ ಸ್ವಲ್ಪ ಆಟ ಉಳಿಸಿ.

ಬಾಡಿ ಇಲ್ದೆ ಓಡತ್ತೆ, ಬಾಡಿ ಹಾಕಿದ್ರೆ ನಿಲ್ಲತ್ತೆ ಅನ್ನೋದು ಮೊದಮೊದಲ ಟ್ರೈ-ಆಂಗ್ ಪ್ರಿನ್ಸೆಸ್‌ಗಳಲ್ಲಿ ಬರತ್ತೆ. ಆಗಿನ ಬಾಡಿ ಸೆಲ್ಯುಲೋಸ್ ಅಸಿಟೇಟ್, ವರ್ಷ ಕಳೆದ ಹಾಗೆ ಕುಗ್ಗಿ ಬಾಳೆಹಣ್ಣಿನ ಥರ ಬಾಗತ್ತೆ, ಒಳಗೆ ಚಾಸಿನ ಒತ್ತತ್ತೆ. ಅದನ್ನ ಬಿಸಿ ಮಾಡಿ ನೇರ ಮಾಡೋಕೆ ಹೋಗ್ಬೇಡಿ, ಸ್ಕ್ರೂ ಸಡಿಲ ಬಿಟ್ಟು ಶೋಕೇಸಲ್ಲಿಡಿ, ಓಡಿಸೋಕೆ ಆಮೇಲಿನ ಪಾಲಿಸ್ಟೈರೀನ್ ಬಾಡಿ ಇರೋದು ತಗೊಳ್ಳಿ.

ಮ್ಯಾಗ್ನಡೀಷನ್ ಇರೋ ಇಂಜಿನ್ ಜಾರ್ತಿದೆ ಅಂದ್ರೆ ನಿಮ್ಮ ಹಳಿ ನೋಡಿ. ಇಂಜಿನ್ ಕೆಳಗಿನ ಮ್ಯಾಗ್ನೆಟ್ ಉಕ್ಕಿನ ಹಳಿನ ಹಿಡಿದು ಏರು ಹತ್ತೋಕೆ ಅಂತ ಮಾಡಿದ್ದದು, ನಿಕಲ್ ಸಿಲ್ವರ್ ಹಳಿಗೆ ಮ್ಯಾಗ್ನೆಟ್ ಅಂಟಲ್ಲ. ಇಂಜಿನ್ನಿನಲ್ಲಿ ದೋಷ ಏನೂ ಇಲ್ಲ. ಹಾಗೇ ಪಾಯಿಂಟ್ (ಹಳಿ ಕವಲೊಡೆಯೋ ಜಾಗ) ಮೇಲೆ ಎಗರಿ ಬೀಳ್ತಿದ್ರೆ, ಹಳೇ ಚಕ್ರಗಳ ಅಂಚು ಆಳ, ಒಳ ಅಂತರ ಈಗಿನ 14.5 ಮಿಮೀಗಿಂತ ಕಮ್ಮಿ, ಈಗಿನ ಸೂಕ್ಷ್ಮ ಪಾಯಿಂಟಿಗೆ ಅದು ಹೊಂದಲ್ಲ. ಚಕ್ರ ಎಳೆದು ಅಗಲ ಮಾಡೋಕಿಂತ ಆ ಕಾಲದ ಹಳಿ ಹಾಕೋದೇ ಒಳ್ಳೇದು.

ತಗೊಳೋವಾಗ

ಓಡಲ್ಲ ಅಂತ ಹೇಳಿ ಮಾರೋ ಇಂಜಿನ್ ಅಗ್ಗಕ್ಕೆ ಸಿಗತ್ತೆ, ಮೇಲೆ ಹೇಳಿದ್ದರಲ್ಲಿ ಹೆಚ್ಚಿನವು ಮನೇಲೇ ಸರಿ ಹೋಗೋದ್ರಿಂದ ಧೈರ್ಯವಾಗಿ ತಗೊಳ್ಳಿ, ಆದ್ರೆ ಮಾರೋರ ಹತ್ರ ಕೆಳಗಿನ ಫೋಟೋ ಕೇಳಿ. ಪಿಕಪ್ ಪಟ್ಟಿ ಇದ್ಯಾ, ರಾಡುಗಳ ಸ್ಕ್ರೂ ಎಲ್ಲಾ ಇದ್ಯಾ, ಚಾಸಿ ಎಲ್ಲಾದ್ರೂ ಬಿರುಕು ಬಿಟ್ಟು ಊದಿಕೊಂಡಿದ್ಯಾ ಅಂತ ನೋಡಿ. ಊದಿದ್ರೆ ಅದು ಜಿಂಕ್ ಪೆಸ್ಟ್, ಎರಕದ ಸತುವಿನಲ್ಲಿ ಸೀಸ ಬೆರೆತಿದ್ರೆ ಬರೋ ರೋಗ, ಅದಕ್ಕೆ ಮದ್ದಿಲ್ಲ, ಬಿಟ್ಬಿಡಿ. ಕೊಳೆ, ಒಣಗಿದ ಎಣ್ಣೆ, ಕಿತ್ತೋದ ವೈರ್, ಕಾಣೆಯಾದ ಕಾರ್ಬನ್ ಇದ್ಯಾವುದಕ್ಕೂ ಹಿಂಜರೀಬೇಡಿ. ಮೋಟರ್ ಪೂರ್ತಿ ಬಿಚ್ಚಿ ಪಾರ್ಟುಗಳನ್ನ ಕವರ್‌ನಲ್ಲಿ ಹಾಕಿ ಎಲ್ಲಾ ಕ್ಲೀನ್ ಮಾಡಿದೀವಿ ಜೋಡಿಸಿದ್ರೆ ಸಾಕು ಅಂತ ಹೇಳ್ತಿದ್ರೆ ಮಾತ್ರ ಬೆಲೆ ಲೆಕ್ಕ ಹಾಕೋವಾಗ ಒಂದು ಹೊಸ ಮ್ಯಾಗ್ನೆಟ್ಟಿನ ದುಡ್ಡೂ ಸೇರಿಸ್ಕೊಳ್ಳಿ.